ಚಾಚಿದ ಕೈ

ಇಸ್ತ್ರಿ ಅಂಗಡಿಯ ತಂಗಿಗೂ ಲಿಫ್ಟ್ ರಿಪೇರಿಯ ಅಣ್ಣನಿಗೂ ಮನೆಯಲ್ಲಿ ಮಾತು ಕಡಿಮೆ. "ಊಟ ಆಯ್ತಾ?" "ಹ್ಞೂಂ." ಅಲ್ಲಿಗೆ ಪುರಾಣ ಮುಗಿಯಿತು. ಅಪ್ಪ ಹೋದಾಗಿನಿಂದ ಅವಳು ಮನೆಯ ಮುಂಗೋಣೆಯಲ್ಲಿ ಊರವರ ಸುಕ್ಕು ಬಿಡಿಸುತ್ತ ನಿಂತವಳು. ಕೂತು ಹರಟಿದವಳೇ ಅಲ್ಲ.

ಆದರೆ ಮೊಬೈಲಿನ ಆಟದೊಳಗೆ ಇಬ್ಬರೂ ಬೇರೆಯೇ ಜನ. ಅದು ಚಿತ್ರವಿಲ್ಲದ ಆಟ. ಕಾಡು, ಸೇತುವೆ ಎಲ್ಲ ಬರೀ ಅಕ್ಷರ. ಏನು ಮಾಡಬೇಕಿದ್ದರೂ ಬರೆದೇ ಮಾಡಬೇಕು. ಉದ್ದನೆಯ ಅಣ್ಣನ ಹೆಸರು ಅಲ್ಲಿ ಏಣಿ, ಇಸ್ತ್ರಿಯ ಇವಳದು ಕೆಂಡಮ್ಮ. 'ಏಣಿ ಜಡೆ ಎಳೆದ.' 'ಕೆಂಡಮ್ಮ ಏಣಿಯ ಕಿವಿ ಹಿಂಡಿದಳು.' ಕತ್ತೆಗಾದಷ್ಟು ವಯಸ್ಸಾದರೂ, ಎದುರೆದುರು ಮಾಡಲು ನಾಚುವುದನ್ನೆಲ್ಲ ಅಲ್ಲಿ ಮಾಡುತ್ತಿದ್ದರು.

ಒಂದು ಮಧ್ಯಾಹ್ನ ಅವನು ಕೆಲಸದ ಜಾಗದಿಂದ ಬರೆದ: 'ಏಣಿ ಸೇತುವೆಯ ಮೇಲೆ ಕೆಂಡಮ್ಮನತ್ತ ಕೈ ಚಾಚಿದ.' ಇವಳ ಮುಂದೆ ಯಾರದೋ ಬಿಳಿ ಅಂಗಿ, ಕಾಲರಿನ ಸುಕ್ಕು ಹೋಗುತ್ತಿರಲಿಲ್ಲ. ದಿನಾ ನನ್ನನ್ನು ಕಾಯಿಸುತ್ತಾನಲ್ಲ, ಇವತ್ತು ಅವನೂ ಕಾಯಲಿ ಎಂದು ಮೊಬೈಲನ್ನು ಮಗುಚಿಟ್ಟಳು. ಅತ್ತ ಅವನು ಲಿಫ್ಟಿನ ಗುಂಡಿಗೆ ಇಳಿದ. ಮೇಲೆ ನಿಂತಿದ್ದ ಲಿಫ್ಟ್ ಜಾರಿ ಬಂತು. ಅವನು ಮತ್ತೆ ಮೇಲೆ ಬರಲಿಲ್ಲ.

ಆಟಕ್ಕೇನು ಗೊತ್ತು ಮಣ್ಣು! ಮುಗಿಸದೆ ಎದ್ದುಹೋದವರು ಅಲ್ಲಿ ಕೊನೆಗೆ ಮಾಡಿದ್ದನ್ನೇ ಮಾಡುತ್ತಿರುತ್ತಾರೆ. ತಿಂಗಳುಗಳು ಕಳೆದರೂ ತೆರೆದಾಗೆಲ್ಲ ಅದೇ ಸಾಲು: 'ಏಣಿ ಕೈ ಚಾಚಿ ನಿಂತಿದ್ದಾನೆ.' ಆ ಕೈ ಹಿಡಿದರೆ ಸಾಲು ಅಳಿಸಿಹೋದೀತು, ಉಳಿದಿರುವಷ್ಟು ಅಣ್ಣನೂ ಹೋದಾನು ಎಂಬ ಭಯ ಅವಳಿಗೆ. ಹಿಡಿಯದಿದ್ದರೆ, ಕೆಲಸದ ನಡುವೆ ಬೆನ್ನ ಹಿಂದೆ ಯಾರೋ ಕೈ ಚಾಚಿ ನಿಂತ ಹಾಗೆ. ತಿರುಗಿ ತಿರುಗಿ ನೋಡಿ ಒಬ್ಬರ ಸೀರೆಯನ್ನೇ ಸುಟ್ಟಳು.

ವಾಸನೆಗೆ ಅಡುಗೆಮನೆಯಿಂದ ಓಡಿಬಂದ ಅಮ್ಮ ಮೊಬೈಲ್ ನೋಡಿದಳು. ಮಗಳು ಎಲ್ಲವನ್ನೂ ಹೇಳಿದಳು. ಅಮ್ಮ ಅಳುತ್ತಾಳೆಂದುಕೊಂಡರೆ, ಬೈದಳು.

"ಇಷ್ಟು ದಿನದಿಂದ ಹಾಗೇ ನಿಲ್ಲಿಸಿದ್ದೀಯಾ? ಕರುಳಿಲ್ವೇನೇ ನಿಂಗೆ? ಕೈ ಸೋತುಹೋಗಲ್ವಾ ಅವನಿಗೆ?"

"ಹಿಡಿದ್ರೆ ಹೊರಟುಹೋಗ್ತಾನಮ್ಮ."

"ಹೋದ್ರೆ ಹೋಗ್ಲಿ. ಕೈ ಇಳಿಸ್ಲಿ, ಪಾಪ."

ಅವಳು ಬರೆದಳು: 'ಕೆಂಡಮ್ಮ ಏಣಿಯ ಕೈ ಹಿಡಿದಳು.'

ಅವನು ಹೋಗಲಿಲ್ಲ. ಹಾಗೇ ಬರೆಯುತ್ತ ಸೇತುವೆ ದಾಟಿದಳು. 'ಏಣಿ ನಿನ್ನ ಹಿಂದೆಯೇ ಬಂದ.' ಕಾಡಿಗೆ ಹೋದಳು. 'ಏಣಿ ನಿನ್ನ ಹಿಂದೆಯೇ ಬಂದ.' ಕೈ ಹಿಡಿದವರನ್ನು ಹಿಂಬಾಲಿಸುವುದು ಆಟದ ನಿಯಮವಿರಬೇಕು. ಅವಳಿಗದು ಗೊತ್ತಿರಲಿಲ್ಲ; ಅಲ್ಲಿ ಅಣ್ಣ ತಂಗಿ ಕಿವಿ ಹಿಂಡಿಕೊಂಡಿದ್ದರೇ ಹೊರತು ಎಂದೂ ಕೈ ಹಿಡಿದವರಲ್ಲ.

ಅಮ್ಮನ ಮುಖ ಅರಳಿತು. ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತಳು.

"ಬಂದ ನೋಡು! ಇನ್ನು ತಡ ಮಾಡ್ಬೇಡ. ಕತ್ತಲಾಗೋದ್ರೊಳಗೆ ಮನೆಗೆ ಕರ್ಕೊಂಡು ಬಾ."

ಆ ಆಟದಲ್ಲಿ ಮನೆ ಎಂಬುದೇ ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಎಡಕ್ಕೆ ತಿರುಗಿದಳು. ಅವನೂ ತಿರುಗಿದ.