ಇಪ್ಪತ್ತೇಳನೆಯ ಪೆಟ್ಟಿಗೆಯ ಪುಟ್ಟ ಗುಂಡಿ

ಬೆಳಗಿನ ಆರು ಗಂಟೆ. ಪರೀಕ್ಷಾ ಕೇಂದ್ರದ ಹಜಾರದಲ್ಲಿ ಬಟನ್ ಅಕ್ಕ ಮೇಜಿನಡಿ ಮಂಡಿಯೂರಿ, ಕಂಪ್ಯೂಟರ್ ಪೆಟ್ಟಿಗೆಯ ಬೆನ್ನಿಗೆ ಕೈ ಹಾಕುತ್ತಾರೆ. ಮೊದಲು ಹಿಂದಿನ ಸ್ವಿಚ್ಚು, ಆಮೇಲೆ ಮುಂದಿನ ಗುಂಡಿ. ನಲವತ್ತೆರಡು ಪೆಟ್ಟಿಗೆ, ಎಂಬತ್ತನಾಲ್ಕು ಸಲ ಒತ್ತಬೇಕು. ಸಾಲು ಸಾಲಾಗಿ ಫ್ಯಾನುಗಳು ಗುಂಯ್‌ಗುಟ್ಟುತ್ತಿದ್ದಂತೆ ಅಕ್ಕನ ಮುಖ ಅರಳುತ್ತದೆ.

ಹನ್ನೊಂದು ವರ್ಷದ ಹಿಂದೆ ಇಲ್ಲಿಗೆ ಕಸ ಗುಡಿಸಲು ಬಂದವರು ಇವರು. ಮೊದಲ ವಾರವೇ ನೆಲ ಒರೆಸುವ ಕೋಲು ಹಿಂದಿನ ಸ್ವಿಚ್ಚಿಗೆ ತಗುಲಿ ಒಂದು ಕಂಪ್ಯೂಟರ್ ಆರಿಹೋಯಿತು. ಕೆಲಸ ಹೋಯಿತೆಂದು ಗೊಳೋ ಎಂದು ಅತ್ತರು. ರಿಪೇರಿಯವರು ಬಂದು ಒಂದೇ ಬೆರಳಲ್ಲಿ ಸರಿಮಾಡಿ ನಕ್ಕರು. ಅಂದಿನಿಂದ ಅವರು ಪೆಟ್ಟಿಗೆ ಬಿಚ್ಚಿದಾಗಲೆಲ್ಲ ಅಕ್ಕ ಪಕ್ಕದಲ್ಲೇ ಹಾಜರ್.

"ಹಿಂದಿನದು ಹೆಬ್ಬಾಗಿಲು, ಕರೆಂಟ್ ಒಳಗೆ ಬರೋಕೆ. ಮುಂದಿನದು ಬರೀ ಕರೆಗಂಟೆ. ಒತ್ತಿದ್ರೆ ಒಳಗಿರೋ ಬೋರ್ಡು 'ಬಿಡಪ್ಪಾ ಕರೆಂಟು' ಅನ್ನುತ್ತೆ, ಅಷ್ಟೇ!" ಎಂದು ಅಕ್ಕ ಈಗ ಕೇಳಿದವರಿಗೆಲ್ಲ ಹೇಳುತ್ತಾರೆ.

ಇವತ್ತು ಒಂಬತ್ತು ಗಂಟೆಗೆ ನೌಕರಿ ಪರೀಕ್ಷೆ. ಒಂಬತ್ತಕ್ಕೆ ಹದಿನೈದು ನಿಮಿಷ ಇರುವಾಗ ಇಪ್ಪತ್ತೇಳನೆಯ ಕುರ್ಚಿಯಲ್ಲಿ ಕೂತ ಹೆಂಗಸು ಪರದೆ ಕಪ್ಪಾಗಿದ್ದು ಕಂಡು ಗಾಬರಿಯಾಗುತ್ತಾರೆ. ಮೌಸ್ ಅಲುಗಿಸಿದ್ದರೆ ಸಾಕಿತ್ತು. ಅವರು ಗುಂಡಿಯನ್ನೇ ಅದುಮುತ್ತಾರೆ. ಲಟಕ್! ಗುಂಡಿ ಒಳಗೆ ಹೂತುಹೋಗಿ ಕಂಪ್ಯೂಟರ್ ಆರುತ್ತದೆ. ಬದಲಿಗೆ ಇನ್ನೊಂದು ಕಂಪ್ಯೂಟರ್ ಇಲ್ಲ. ರಿಪೇರಿಯವರು ಬರಲು ಒಂದು ಗಂಟೆ ಬೇಕು.

"ಮುಂದಿನ ವರ್ಷ ಬರೀರಿ" ಎನ್ನುತ್ತಾರೆ ಮೇಲ್ವಿಚಾರಕರು.

"ಮುಂದಿನ ವರ್ಷ ನನ್ನ ವಯಸ್ಸು ಮೀರುತ್ತೆ ಸಾರ್, ಇದೇ ಕೊನೇದು..." ಹೆಂಗಸು ಕುರ್ಚಿ ಬಿಟ್ಟು ಏಳುವುದಿಲ್ಲ.

ಅಕ್ಕ ಪೊರಕೆ ಬದಿಗಿಟ್ಟು ಮುಂದೆ ಬರುತ್ತಾರೆ. "ಸಾರ್, ನಾನೊಂದು ಕೈ ನೋಡ್ಲಾ?"

"ನೀನಾ?" ಸಾಹೇಬರು ಗಡಿಯಾರ ನೋಡುತ್ತಾರೆ, ಹೆಂಗಸಿನ ಮುಖ ನೋಡುತ್ತಾರೆ. "ಹೂಂ, ಬೇಗ ಮಾಡು."

ಅಕ್ಕ ಹಿಂದಿನ ಸ್ವಿಚ್ ಆರಿಸಿ, ವೈರು ಕಿತ್ತು, ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆಯುತ್ತಾರೆ. ಕೆಟ್ಟ ಗುಂಡಿಯ ಕೆಳಗೇ ಇನ್ನೊಂದು ಪುಟ್ಟ ಗುಂಡಿಯಿದೆ. ಕಂಪ್ಯೂಟರ್ ಹಟ ಹಿಡಿದಾಗ ಮರುಚಾಲೂ ಮಾಡಲು ಇಟ್ಟದ್ದು, ಅದೂ ಕರೆಗಂಟೆಯೇ. ಹೂತುಹೋದ ಗುಂಡಿಯ ತಂತಿ ಬಿಡಿಸಿ, ಬೋರ್ಡಿನಲ್ಲಿ ಅದರ ಜಾಗಕ್ಕೆ ಪುಟ್ಟ ಗುಂಡಿಯ ತಂತಿ ಸಿಕ್ಕಿಸುತ್ತಾರೆ. ಒಂಬತ್ತಕ್ಕೆ ಇನ್ನು ನಾಲ್ಕೇ ನಿಮಿಷ. ವೈರು, ಹಿಂದಿನ ಸ್ವಿಚ್ಚು, ಪುಟ್ಟ ಗುಂಡಿ.

ಗುಂಯ್!

ಹೆಂಗಸು ಅಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. "ಬಿಡಿ ತಾಯಿ, ಮೊದ್ಲು ಬರೀರಿ!" ಅಕ್ಕ ಕೈ ಬಿಡಿಸಿಕೊಂಡು ಹೊರಗೋಡುತ್ತಾರೆ. ಖುಷಿಗೆ ಅವರ ಕಾಲು ನೆಲದ ಮೇಲಿಲ್ಲ.

ಮಧ್ಯಾಹ್ನ ರಿಪೇರಿಯವರು ಹೊಸ ಗುಂಡಿ ತಂದರೆ ಅಕ್ಕ ಅಡ್ಡ ನಿಲ್ಲುತ್ತಾರೆ.

"ಬೇಡ ಅಣ್ಣ, ಇದೊಂದು ಹೀಗೇ ಇರ್ಲಿ. ಉಳಿದ ನಲವತ್ತೊಂದೂ ಕಂಪನಿಯವರು ಮಾಡಿದ್ದು. ಇದು ನಾನು ಮಾಡಿದ್ದು."