ಮೆರ್ಕವಾ ಟ್ಯಾಂಕಿಗೆ ಹಿಡಿ ಸಾಸಿವೆ

ಗೆಳೆಯರೇ, ಹೈದರಾಬಾದಿನ ಮೆಹದಿಪಟ್ಟಣಂನ ನಮ್ಮ ಊಟದ ಮೇಜಿನ ಮೇಲೆ ಇಂದು ಇಸ್ರೇಲಿನ ಮೆರ್ಕವಾ ಯುದ್ಧ ಟ್ಯಾಂಕು ಲೋಕಾರ್ಪಣೆಗೊಂಡಿತೆಂದು ಸಕಲರಿಗೂ ಘೋಷಿಸುತ್ತಿದ್ದೇನೆ. ಉದ್ದ ಒಂದು ಗೇಣು, ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿದ ದುಡಿಮೆ ಮೂರು ತಿಂಗಳು.

ಮನೆಯಾಕೆಯ ಶರತ್ತು ಮೊದಲೇ ಇತ್ತು: "ಪಾಟೀಲ ಕಾಕಾ ಬರೋಬ್ಬರಿ ಐತಿ ಅಂದ್ರ ಶೋಕೇಸ್‌ನ್ಯಾಗ ಇಡ್ರಿ. ಇಲ್ಲಂದ್ರ ಅಟ್ಟಕ್ಕ ಒಗೀತೀನಿ."

ಕೆಳಗಿನ ಮನೆಯ ಪಾಟೀಲರು ನಿಜವಾದ ಟ್ಯಾಂಕುಗಳನ್ನು ತಪಾಸಣೆ ಮಾಡಿಯೇ ನಿವೃತ್ತರಾದವರು. ಬೆಳಿಗ್ಗೆ ಬಂದು ಭೂತಗನ್ನಡಿ ಹಿಡಿದರು. "ತಿರುಗೋ ಗೋಪುರದ ಹಿಂದ ಸರಪಳಿ ಜೋತುಬಿದ್ದಿರತಾವು, ತುದಿಗೆ ಗುಂಡು ಇರತಾವು. ಎಲ್ಲಿ ಹೋದುವ್ರಿ?"

ಕಿಟ್‌ನಲ್ಲಿ ಅವು ಇರಲೇ ಇಲ್ಲ. ಮನೆಯಾಕೆ ಆಗಲೇ ಅಟ್ಟದ ಏಣಿ ತಂದಿದ್ದಳು. ನಾನು ಅಡುಗೆಮನೆಗೆ ನುಗ್ಗಿ ಸಾಸಿವೆ ಡಬ್ಬಿ ಹೊತ್ತು ತಂದೆ. ಸರಪಳಿಗೆಂದು ಕತ್ತರಿಸಿ ಇಳಿಬಿಟ್ಟ ದಾರಗಳ ಒಂದೊಂದು ತುದಿಗೂ ಒಂದೊಂದು ಕಾಳು ಅಂಟಿಸಿ ಬಣ್ಣ ಬಳಿದೆ.

"ಒಗ್ಗರಣಿಗೆ ಏನು ಹಾಕ್ಲಿ, ನಿಮ್ಮ ತಲಿ?" ಎಂಬ ದಾಳಿಯನ್ನೂ ತಡೆದುಕೊಂಡೆ.

ಮಧ್ಯಾಹ್ನ ಪಾಟೀಲರು ಮತ್ತೆ ನೋಡಿ, "ಭಾಳ ಚಲೋ ಆಗೇತ್ರಿ. ಪಾಸ್!" ಎಂದರು. ಅಭ್ಯಾಸಬಲದಿಂದ ಸಹಿ ಹಾಕಲು ಪೆನ್ನನ್ನೂ ಕೇಳಿದರು. ಮನೆಯಾಕೆ ಚೀಲ ಹಿಡಿದು ಮಾರ್ಕೆಟ್ಟಿಗೆ ಹೊರಟಳು. ಟ್ಯಾಂಕು ಶೋಕೇಸಿನ ನಟ್ಟನಡುವೆ ವಿರಾಜಮಾನವಾಯಿತು.

ಅಲ್ಲಿಂದ ತೆರವಾದ ಅವಳ ತವರಿನ ಆರು ಗಾಜಿನ ಕಪ್ಪುಗಳಿಗೆ ಹತ್ತಿರದಲ್ಲಿ ಯಾರ ಮನೆಯಲ್ಲಾದರೂ ಜಾಗವಿದ್ದರೆ ದಯವಿಟ್ಟು ತಿಳಿಸಿ. ಅವಳು ತರಕಾರಿ ತೆಗೆದುಕೊಂಡು ಮನೆ ತಲುಪುವುದರೊಳಗೆ.