ಎರಡು ಮನೆಯ ವಿನಾಯಿತಿ

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ಪರವಾಗಿಲ್ಲ, ನನ್ನ ಕ್ಲಾಸಿನವರೂ ನಂಬುವುದಿಲ್ಲ. ಗಣಿತದಲ್ಲಿ ಏದುಸಿರು ಬಿಡುತ್ತಾ ಪಾಸಾಗುವ ಹದಿನೇಳರ ಹುಡುಗಿಯಾದ ನಾನು ಸ್ವೀಡನ್ನಿನ ಲುಂಡ್ ಊರಿನ ಅರ್ಧ ಕನ್ನಡಿಗರಿಗೆ ತೆರಿಗೆ ಸಲಹೆಗಾರ್ತಿ. ಅರ್ಧ ಎಂದರೆ ನಾಲ್ಕು ಮನೆ. ಅದರಲ್ಲಿ ಒಂದು ನಮ್ಮದೇ. ಉಳಿದವರು ನನ್ನ ಫೀಸನ್ನು ಕೋಡುಬಳೆಯ ರೂಪದಲ್ಲಿ ಕೊಡುತ್ತಾರೆ. ಆ ಆದಾಯಕ್ಕೆ ತೆರಿಗೆ ಇಲ್ಲವೆಂದು ನಾನೇ ತೀರ್ಪು ಕೊಟ್ಟುಕೊಂಡು ತಿಂದುಬಿಡುತ್ತೇನೆ.

ಇವತ್ತು ಬೆಳಿಗ್ಗೆ ನಮ್ಮ ಮನೆಯ ಬಾಗಿಲ ಬಳಿ ಅಮ್ಮನ ಚೀಲ ಬಂದು ಕೂತಿದೆ. ಅದರಿಂದ ಮೊದಲು ಆಸ್ಪತ್ರೆಯಲ್ಲಿ ಕೈಗೆ ಹಚ್ಚಿಕೊಳ್ಳುವ ಸ್ಪಿರಿಟ್ಟಿನ ವಾಸನೆ ಬರುತ್ತದೆ. ಮೂಗನ್ನು ಇನ್ನಷ್ಟು ಹತ್ತಿರ ಒಯ್ದರೆ ಸುಟ್ಟ ಕಟ್ಟಿಗೆ, ಅದರ ಹಿಂದೆ ಎಲ್ಲೋ ಶೇಂಗಾ ಚಟ್ನಿಪುಡಿ. ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ. ಅಪ್ಪ ಅಡುಗೆಮನೆಯಲ್ಲಿ ಉಪ್ಪಿಟ್ಟು ತಿರುವುತ್ತಿದ್ದಾರೆ. ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಅಮ್ಮನ ತೆರಿಗೆ ತುಂಬಲು ಸಿದ್ಧವಾಗಿ ಕೂತಿದ್ದೇನೆ. ಅವಳು ಬರುವವರೆಗೆ ನಿಮ್ಮ ಜೊತೆ ಹರಟೋಣ.

ಈ ಹುದ್ದೆ ನನಗೆ ಹೇಗೆ ಬಂತು ಎಂದು ಕೇಳಿ. ಅಪ್ಪ ಯೂನಿವರ್ಸಿಟಿಯಲ್ಲಿ ಸಂಶೋಧಕರು. ಅಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುವುದರಿಂದ ಅವರ ಸ್ವೀಡಿಷ್ ಕಾಫಿ ಕೇಳುವಲ್ಲಿಗೆ ಶುರುವಾಗಿ ಕಾಫಿ ಕೇಳುವಲ್ಲಿಗೇ ಮುಗಿಯುತ್ತದೆ. ಅಮ್ಮನದು ಹಾಗಲ್ಲ. ಅವಳು ದಾವಣಗೆರೆಯಲ್ಲಿ ಹೆರಿಗೆ ಮಾಡಿಸುವ ನರ್ಸ್ ಆಗಿದ್ದವಳು. ಇಲ್ಲಿಗೆ ಬಂದ ಮೇಲೆ ಭಾಷೆ ಕಲಿತು, ಮುದುಕರ ಮನೆಯಲ್ಲಿ ಸ್ನಾನ ಮಾಡಿಸುವ ಕೆಲಸ ಮಾಡಿ, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು, ಮತ್ತೆ ಅದೇ ನರ್ಸ್ ಆದಳು. ಆದರೆ ಹೆರಿಗೆ ಕೋಣೆಯ ಸ್ವೀಡಿಷ್ ಬೇರೆ, ತೆರಿಗೆಯ ಸ್ವೀಡಿಷ್ ಬೇರೆ. 'ಉಸಿರು ಬಿಡು', 'ಇನ್ನು ಸ್ವಲ್ಪ', 'ತಲೆ ಕಾಣಿಸ್ತಿದೆ' ಎಂಬ ಮಾತುಗಳಿಂದ ಯಾವ ಅರ್ಜಿಯನ್ನೂ ತುಂಬಲಾಗುವುದಿಲ್ಲ. ಪ್ರಯತ್ನಿಸಿ ನೋಡಿ.

ಅವಳಿಗೆ ಕೆಲಸ ಕೊಟ್ಟದ್ದು ಉತ್ತರದ ಒಂದು ಸಣ್ಣ ಊರಿನ ಆಸ್ಪತ್ರೆ. ಅಲ್ಲಿಗೆ ಹೆರಿಗೆ ಮಾಡಿಸುವವರು ಬರುವುದೇ ಕಷ್ಟ. ಎಷ್ಟು ಉತ್ತರ ಎಂದರೆ, ಗೋಡೆಯ ನಕ್ಷೆಯಲ್ಲಿ ಆ ಊರನ್ನು ತೋರಿಸಲು ನಾನು ಕುರ್ಚಿ ಬಿಟ್ಟು ಏಳಬೇಕು. "ಒಂದು ವರ್ಷ ಅಷ್ಟೇ. ಅನುಭವ ಆಯ್ತು ಅಂದ್ರೆ ಇಲ್ಲೇ ಎಲ್ಲಾದ್ರೂ ಸಿಗುತ್ತೆ," ಎಂದಳು. ಅಪ್ಪ, "ಹೋಗಿ ಬಾ ಭಾರತಿ, ನಾವೇನು ಚಿಕ್ಕ ಮಕ್ಕಳಾ?" ಎಂದರು. ನನಗೆ ಆಗ ಹದಿಮೂರು, ಚಿಕ್ಕ ಮಗುವೇ. ಆದರೆ ಆ ಕ್ಷಣ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೊದಲ ಸಲ ತೆರಿಗೆ ತುಂಬಲು ಕೂತಾಗ ಅಮ್ಮ ಕೇಳಿದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

"ನನ್ ಶೂಸ್ ಖರ್ಚಿಗೆ ಹಾಕು. ಡ್ಯೂಟಿಗೆ ಅಂತಾನೇ ತಗೊಂಡಿದ್ದು."

"ಆಗಲ್ಲಮ್ಮ. ಅದನ್ನ ಅಂಗಡಿಗೂ ಹಾಕ್ಕೊಂಡು ಹೋಗ್ಬಹುದು ಅಂತಾರೆ."

"ಆ ಹಸಿರು ಶೂಸ್ ಹಾಕ್ಕೊಂಡು ಯಾರೇ ಅಂಗಡಿಗೆ ಹೋಗ್ತಾರೆ? ಸರಿ, ಕಾಲು ಊದ್ಕೊಳ್ಳುತ್ತಲ್ಲ, ಅದಕ್ಕೆ ಬಿಗಿ ಕಾಲುಚೀಲ?"

"ಇಲ್ಲ."

"ಗ್ಲೂಕೋಸ್ ಬಿಸ್ಕತ್ತು?"

ಅಪ್ಪ ಸೋಫಾದಿಂದ, "ಗಂಡನ್ನೂ ಖರ್ಚಿಗೆ ಹಾಕ್ಬಹುದಾ ಕೇಳು?" ಎಂದರು. "ಉಪಯೋಗಕ್ಕೆ ಬರೋದನ್ನ ಮಾತ್ರ ಕೇಳ್ತಿದೀನಿ ಕಣ್ರೀ," ಎಂದಳು ಅಮ್ಮ. ಮೂವರೂ ನಕ್ಕೆವು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು.

ಆಗ ನಾನು ಕಂಡುಹಿಡಿದದ್ದೇ ಎರಡು ಮನೆಯ ವಿನಾಯಿತಿ. ಅಮೆರಿಕಾ ಕಂಡುಹಿಡಿದವರೂ ಇಷ್ಟು ಬೀಗಿರಲಾರರು. ನಿಯಮ ಸರಳ. ನಿಮ್ಮ ಸಂಸಾರ ಒಂದು ಊರಿನಲ್ಲಿದೆ, ನೀವು ಕೆಲಸದ ಸಲುವಾಗಿ ಮಾತ್ರ ದೂರದ ಇನ್ನೊಂದು ಊರಿನಲ್ಲಿ ಕೋಣೆ ಹಿಡಿದಿದ್ದೀರಿ ಎಂದರೆ, ಆ ಕೋಣೆಯ ಬಾಡಿಗೆಯನ್ನೂ ಮನೆಗೆ ಬಂದುಹೋಗುವ ಟಿಕೆಟ್ಟನ್ನೂ ಖರ್ಚೆಂದು ತೋರಿಸಬಹುದು. ಅಮ್ಮನಿಗೆ ವಾಪಸ್ಸು ಬಂದ ಹಣದಲ್ಲಿ ನನಗೆ ಹೊಸ ಸೈಕಲ್ ಬಂತು. ಆದರೆ ನನಗೆ ಸೈಕಲ್ಲಿಗಿಂತ ಆ ನಿಯಮವೇ ಇಷ್ಟವಾಗಿತ್ತು. ಅದರ ಪ್ರಕಾರ ಅಮ್ಮ ಅಲ್ಲಿ ಇರುವುದು ಕೆಲಸಕ್ಕೆ ಮಾತ್ರ, ಅವಳ ಮನೆ ಇದು. ಪ್ರತಿ ವರ್ಷ ನಾನು ಹಾಗೆಂದು ತುಂಬುತ್ತೇನೆ, ಸರಕಾರ ಹೂಂ ಎನ್ನುತ್ತದೆ. ಒಂದು ದೇಶವೇ ಹೂಂ ಎಂದ ಮೇಲೆ ಹೆದರುವುದೇನಿದೆ?

ಶುರುವಿನಲ್ಲಿ ಎರಡು ವಾರಕ್ಕೊಮ್ಮೆ ಬರುತ್ತಿದ್ದಳು. ರಾತ್ರಿ ಟ್ರೈನಿನಲ್ಲಿ ಹೊರಟು, ನಡುವೆ ಟ್ರೈನ್ ಬದಲಿಸಿ, ಶನಿವಾರ ಬಂದಿಳಿಯುವಳು. ಅಪ್ಪ ಮತ್ತು ನಾನು ಸೈಕಲ್ಲಿನಲ್ಲಿ ಸ್ಟೇಷನ್ನಿಗೆ ಹೋಗುತ್ತಿದ್ದೆವು. ಅಪ್ಪ ಒಂದು ಕೈಯಲ್ಲಿ ತಮ್ಮ ಸೈಕಲ್, ಇನ್ನೊಂದು ಕೈಯಲ್ಲಿ ಅಮ್ಮನ ಸೈಕಲ್ ಹಿಡಿದು ಓಡಿಸುವ ಸರ್ಕಸ್ಸನ್ನು ನೀವು ನೋಡಬೇಕಿತ್ತು. ಸ್ಟೇಷನ್ ಮುಂದಿನ ಸಾವಿರ ಸೈಕಲ್ಲುಗಳ ಮೇಲೆ ಅವರು ಒಮ್ಮೆ ಬಿದ್ದಾಗ, ಅವು ಒಂದರ ಹಿಂದೆ ಒಂದು ಮಲಗುತ್ತಾ ಹೋಗಿ, ಕೊನೆಯ ಸೈಕಲ್ ಸಮುದ್ರದಾಚೆಯ ಡೆನ್ಮಾರ್ಕಿನಲ್ಲಿ ಬಿತ್ತು. ಸರಿ, ಅಷ್ಟು ದೂರ ಹೋಗಲಿಲ್ಲ. ಆದರೆ ಅಮ್ಮ ನಕ್ಕದ್ದು ಮಾತ್ರ ಅಲ್ಲಿಯವರೆಗೂ ಕೇಳಿಸಿರಬೇಕು.

ಆಮೇಲೆ ಅವಳು 'ಹೌದು' ಎನ್ನುವ ರೀತಿ ಬದಲಾಯಿತು. ಇದನ್ನೂ ನೀವು ನಂಬುವುದಿಲ್ಲ. ಉತ್ತರದ ಜನ ಹೌದು ಎನ್ನಲು ಬಾಯಿಯನ್ನೇ ತೆರೆಯುವುದಿಲ್ಲ. ತುಟಿ ಮುಂದೆ ಮಾಡಿ, ಸಾರು ಹೀರಿದ ಹಾಗೆ, ಸೊರ್ರೆಂದು ಉಸಿರನ್ನು ಒಳಗೆ ಎಳೆದುಕೊಳ್ಳುತ್ತಾರೆ. ಅಷ್ಟೇ. ಅದೇ ಹೌದು. ಇಲ್ಲಿ ದಕ್ಷಿಣದಲ್ಲಿ ಹಾಗೆ ಮಾಡಿದರೆ ನೀರು ಬೇಕಾ ಎಂದು ಕೇಳುತ್ತಾರೆ. ಒಂದು ಶನಿವಾರ ಅಪ್ಪ, "ಅನ್ನ ಇಡ್ಲಾ?" ಎಂದು ಕೇಳಿದರು. ಅಮ್ಮ ಸೊರ್ರೆಂದಳು. ಅಪ್ಪ ಗಾಬರಿಯಾಗಿ ತಿರುಗಿ, "ಏನಾಯ್ತು? ಎಲ್ಲಿ ನೋವು?" ಎಂದರು.

"ಏನಿಲ್ಲ. ಹೌದು ಅಂದೆ."

"ಹೌದನ್ನ ಹೌದು ಅಂತಾನೇ ಅನ್ನೋಕೇನು?"

"ಅಭ್ಯಾಸ ಆಗೋಗಿದೆ."

ನಾನು ಅದನ್ನು ವಾರಗಟ್ಟಲೆ ಅನುಕರಿಸಿ ಮನೆಗೆ ಬಂದವರನ್ನೆಲ್ಲ ನಗಿಸಿದೆ. ಅಪ್ಪ ಮಾತ್ರ ಅವತ್ತು ಅನ್ನಕ್ಕಿಟ್ಟ ನೀರಿಗೆ ಅಕ್ಕಿ ಹಾಕುವುದನ್ನೇ ಮರೆತರು.

ಹೋದ ವರ್ಷ ಬೇಸಿಗೆ ರಜೆಯಲ್ಲಿ ನಾನು ಅವಳ ಕೋಣೆಗೆ ಹೋಗಿದ್ದೆ. ಕೋಣೆಯೆಂದು ಕರೆಯುವುದು ನಾವು ಮಾತ್ರ. ಒಬ್ಬ ಅಜ್ಜಿಯ ಮನೆಯ ಇಡೀ ಮಹಡಿ ಅದು. ಅಜ್ಜಿ ಬೇಸಿಗೆಯಲ್ಲೂ ಒಲೆಗೆ ಕಟ್ಟಿಗೆ ಹಾಕುತ್ತಾಳೆ. ಅಮ್ಮ ಅವಳಿಗೆ ಚಟ್ನಿಪುಡಿ ತಿನ್ನಿಸಿ, ಕಣ್ಣಲ್ಲಿ ನೀರು ತರಿಸಿ, ಕೊನೆಗೆ ಚಟ ಹಿಡಿಸಿಬಿಟ್ಟಿದ್ದಾಳೆ. ಕಿಟಕಿಗೆ ಅಮ್ಮನೇ ಹೊಲಿದ ಪರದೆ, ಗೋಡೆಗೆ ಹಳದಿ ಬಣ್ಣ. ಲುಂಡ್ ಮನೆಯ ಗೋಡೆಗೆ ಬಣ್ಣ ಹಚ್ಚೋಣವೆಂದು ಅವಳು ಎಷ್ಟೋ ವರ್ಷ ಹೇಳಿದ್ದಳು. ಅಪ್ಪ, "ಎಷ್ಟಾದ್ರೂ ಬಾಡಿಗೆ ಮನೆ," ಎನ್ನುತ್ತಿದ್ದರು.

ಅಂಗಡಿಗೆ ಹೋದರೆ ಜನ ಅಮ್ಮನನ್ನು ನಡೆಯಲು ಬಿಡುವುದಿಲ್ಲ. ಹಾಲಿನ ಕಪಾಟಿನ ಹತ್ತಿರ ಒಬ್ಬಳು ತನ್ನ ಕೂಸನ್ನು ಎತ್ತಿ ಅಮ್ಮನ ಮುಖದ ಮುಂದೆ ಹಿಡಿದಳು. ಮೊಟ್ಟೆಯ ಹತ್ತಿರ ಇನ್ನೊಬ್ಬಳು. ಬಾಗಿಲಲ್ಲಿ ಒಬ್ಬ ದೈತ್ಯ ಗಂಡಸು ಅಮ್ಮನನ್ನು ಅಪ್ಪಿಕೊಂಡು ಅತ್ತೇಬಿಟ್ಟ. ಅವನ ಹೆಂಡತಿಯ ಹೆರಿಗೆಯಲ್ಲಿ ಅವನೇ ಮೂರ್ಛೆ ಹೋಗಿದ್ದನಂತೆ. ಅಮ್ಮ ಎಲ್ಲರಿಗೂ ಸೊರ್ರೆಂದು ಹೌದೆನ್ನುತ್ತಾ, ಕೆನ್ನೆ ಕೆಂಪಾಗಿಸಿಕೊಂಡು, ನನಗೆ ಪರಿಚಯವಿಲ್ಲದ ಯಾರೋ ಹುಡುಗಿಯ ಹಾಗೆ ನಡೆಯುತ್ತಿದ್ದಳು. ಅವಳ ಹಿಂದೆ ನಾನು ಬ್ರೆಡ್ಡಿನ ಚೀಲ ಹಿಡಿದು ನಡೆಯುತ್ತಾ ಯೋಚಿಸಿದೆ: ಇದು ಕೆಲಸಕ್ಕೆ ಮಾತ್ರ, ಕೆಲಸಕ್ಕೆ ಮಾತ್ರ.

ಅಷ್ಟು ಹೊತ್ತಿಗೆ ಎರಡು ವಾರಕ್ಕೊಮ್ಮೆ ಎಂಬುದು ತಿಂಗಳಿಗೊಮ್ಮೆ ಆಗಿತ್ತು. ಆಮೇಲೆ ತಿಂಗಳು ಹೋಗಿ ಹಬ್ಬಕ್ಕೊಮ್ಮೆ ಎಂದಾಯಿತು. ಶಿಫ್ಟ್ ಬದಲಾಯಿತು, ಹಿಮ ಬಿತ್ತು, ಯಾರದೋ ಕೂಸು ಹೊರಬರಲು ಮನಸ್ಸು ಮಾಡಲಿಲ್ಲ. ಪ್ರತಿ ಕಾರಣವನ್ನೂ ನಾನು ಅಪ್ಪನಿಗೆ ಇನ್ನಷ್ಟು ಉಪ್ಪು ಖಾರ ಹಚ್ಚಿ ಒಪ್ಪಿಸುತ್ತಿದ್ದೆ. ಒಮ್ಮೆ ಹಳಿಯ ಮೇಲೆ ಹಿಮಸಾರಂಗಗಳ ಮೆರವಣಿಗೆಯನ್ನೇ ನಡೆಸಿದೆ. ಅಪ್ಪ ನಗುತ್ತಿದ್ದರು. ನಕ್ಕಾದ ಮೇಲೆ ಅಮ್ಮನ ಸೈಕಲ್ಲಿನ ಟೈರಿಗೆ ಗಾಳಿ ಹೊಡೆಯಲು ಹೋಗುತ್ತಿದ್ದರು. ಈ ಚಳಿಗಾಲದಲ್ಲಿ ಅದನ್ನೂ ನಿಲ್ಲಿಸಿದರು.

ಸ್ನಾನದ ಮನೆಯಲ್ಲಿ ನೀರಿನ ಸದ್ದು ನಿಂತಿತು. ಅಮ್ಮ ಬಂದಳು. ಕೂದಲಿಗೆ ಟವೆಲ್ ಸುತ್ತಿಕೊಂಡು, ಮನೆಗೆ ಬಂದ ನೆಂಟರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಳು.

"ಬಾಡಿಗೆ ಹೇಳಮ್ಮ. ಟಿಕೆಟ್ ಎಲ್ಲ ಫೋನಲ್ಲಿದ್ಯಾ? ಈ ಸಲ ಸ್ವಲ್ಪ ಕಮ್ಮಿ, ಆದ್ರೂ ನಿನ್ ಆಡಿಟರ್ ಬಿಡೋ ಪೈಕಿ ಅಲ್ಲ."

ಅವಳು ಅಡುಗೆಮನೆಯ ಕಡೆ ನೋಡಿದಳು. ಅಪ್ಪ ಒಲೆ ಆರಿಸಿದರು, ಆದರೆ ಇತ್ತ ತಿರುಗಲಿಲ್ಲ. ಅವರಿಬ್ಬರೂ ಇದನ್ನು ಮೊದಲೇ ಮಾತಾಡಿಕೊಂಡಿದ್ದಾರೆಂದು ನನಗೆ ಅಪ್ಪನ ಬೆನ್ನು ನೋಡಿಯೇ ತಿಳಿಯಿತು.

"ಅದನ್ನ ಹಾಕ್ಬೇಡ ಪುಟ್ಟಿ," ಎಂದಳು ಅಮ್ಮ.

"ಯಾಕೆ? ಅದೇ ದೊಡ್ಡದು. ಅದಿಲ್ದಿದ್ರೆ ಬರೋದೇ ಏನಿಲ್ಲ."

"ಗೊತ್ತು. ನಾನು ಅಡ್ರೆಸ್ ಅಲ್ಲಿಗೆ ಬದಲಾಯಿಸ್ಕೊಂಡೆ. ನಾನು, ನಿಮ್ಮಪ್ಪ... ಇಬ್ರೂ ಕೂತು ತೀರ್ಮಾನ ಮಾಡಿದ್ದು. ನಿನಗೆ ಎದುರಿಗೇ ಹೇಳಬೇಕು ಅಂತ ಬಂದೆ."

ನಿಮಗೊಂದು ಮಾತು ಹೇಳಲೇ? ಆಗಲೂ ನನ್ನ ತಲೆ ಓಡಿತು. ನಾಲ್ಕು ಮನೆಯ ಸಲಹೆಗಾರ್ತಿ ನಾನು, ಸುಮ್ಮನೆ ಸೋಲುತ್ತೇನೆಯೇ?

"ಅದು ಈಗಿನ ಮಾತು," ಎಂದೆ. "ನಾವೀಗ ತುಂಬ್ತಿರೋದು ಹೋದ ವರ್ಷದ್ದು. ನೀನು ಈಗ ಎಲ್ಲಾದ್ರೂ ಇರು, ಅವರಿಗೇನೂ ಸಂಬಂಧ ಇಲ್ಲ. ಹೋದ ವರ್ಷ ನಿನ್ ಮನೆ ಇದೇ ತಾನೆ? ಹಾಕ್ಬಹುದು. ರೂಲ್ ಇದೆ, ಬೇಕಾದ್ರೆ ಓದಿ ತೋರಿಸ್ತೀನಿ. ಹೋದ ವರ್ಷ ನಾವಿನ್ನೂ ಒಟ್ಟಿಗೆ..."

ಅಮ್ಮ ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಬಿಸಿಯಾಗಿತ್ತು. ಹೊಸದಾಗಿ ತಾಯಿಯಾದವರ ಕೈಯನ್ನು ಅವಳು ಹೀಗೆಯೇ ಹಿಡಿಯುತ್ತಾಳೇನೋ.

"ಹೋದ ವರ್ಷಾನೂ ಇರ್ಲಿಲ್ಲ ಕಣೆ," ಎಂದಳು.